ಗಾಡಿಯಿಂದ ಇಳಿಸಿದ ಬ್ಯಾಟರಿ

ದೊಡ್ಡಪ್ಪಾ,

ಕಳೆದ ತಿಂಗಳು ಒಬ್ಬ ಟ್ಯಾಕ್ಸಿಯವನು ತನ್ನ ಎಲೆಕ್ಟ್ರಿಕ್ ಕಾರಿನ ಹಳೆಯ ಬ್ಯಾಟರಿಯನ್ನು ಕುರ್ಲಾದ ನಮ್ಮ ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಇಳಿಸಿದ. "ಭಂಗಾರ್ ಮೇ ಡಾಲ್ ದೋ ಭಾಯಿ" ಎಂದು, ಗುಜರಿಗೆ ಬಿಟ್ಟು ಹೋದ. ನಾನು ಅದರ ಮೇಲೆ ಅಂಗೈ ಇಟ್ಟೆ. ಮೀಟರ್ ಆಮೇಲೆ, ಮೊದಲು ಅಂಗೈ ಎಂದು ಕಲಿಸಿದವನು ನೀನೇ ಅಲ್ಲವೇ?

ಊರಿಂದ ಬಂದ ಹೊಸದರಲ್ಲಿ ನಿನ್ನನ್ನು ಕೇಳಿದ್ದೆ, ಕಾರಿನ ಬ್ಯಾಟರಿಗೂ ಸೋಲಾರಿನದಕ್ಕೂ ಏನು ಫರಕು ಅಂತ. ನೀನು ಚಹಾದ ಲೋಟ ಕೆಳಗಿಟ್ಟು ಹೇಳಿದ್ದೆ: "ಕಾರಿಂದು ಗಡಿಬಿಡಿ ಸಂಸಾರ ತಮ್ಮಾ. ಒಂದ್ ತಾಸಿನ್ಯಾಗ ತುಂಬಿಸ್ಕೋತದ, ಫ್ಲೈಓವರ್ ಏರೋ ಮುಂದ ಒಮ್ಮೆಲೆ ಖರ್ಚ್ ಮಾಡ್ತದ. ಸೋಲಾರಿಂದು ಹಂಗಲ್ಲ. ದಿನಾಪೂರ್ತಿ ಬಿಸಲು ಕುಡೀತದ, ರಾತ್ರಿಪೂರ್ತಿ ಸ್ವಲ್ಪ ಸ್ವಲ್ಪ ಕೊಡ್ತದ. ಗಾಡಿ ಎಳೀಲಾರದ್ದು ಸತ್ತಂಗಲ್ಲ. ಅದಕ್ಕ ಸಾವಕಾಶದ ಕೆಲಸ ಕೊಡಬೇಕು. ತುಂಬಿಸಿ ಮೂಲ್ಯಾಗ ಇಟ್ರೂ ಕೆಡ್ತದ."

ಹೋದ ವರ್ಷ ಅಂಗಡಿಯಲ್ಲಿ ಒಂದು ಬ್ಯಾಟರಿ ಎತ್ತುವಾಗಲೇ ನೀನು ಎದೆ ಹಿಡಿದು ಕುಸಿದದ್ದು… ಅದನ್ನು ಬರೆಯಲಾರೆ. ಪರೇಲಿನ ಆಸ್ಪತ್ರೆಯಿಂದ ಕರೆತಂದ ದಿನ ನಿನ್ನ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದುಕೊಂಡೆ. "ದುಡಿದದ್ದು ಸಾಕು, ಇನ್ನ ಮನ್ಯಾಗ ಆರಾಮ ಇರು" ಎಂದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ಆಮೇಲೆ ದಿನವೂ ಒಂಬತ್ತಕ್ಕೆ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಮಂಚದ ತುದಿಯಲ್ಲಿ ಕೂರುತ್ತಿದ್ದೆಯಂತೆ. ದೊಡ್ಡವ್ವ ಹೇಳಿದಳು. ಒಮ್ಮೆ ನನ್ನನ್ನೇ ಕೇಳಿದೆ: "ಏನೂ ಎತ್ತಂಗಿಲ್ಲೋ. ಬರೇ ಮೀಟರ್ ಹಿಡ್ಕೊಂಡು ಕೂಡ್ತೀನಿ." ನಾನು "ಡಾಕ್ಟರ್ ಬ್ಯಾಡ ಅಂದಾರ" ಎಂದೆ. ನೀನು ತಲೆಯಾಡಿಸಿ ಅಂಗಿಯ ಗುಂಡಿ ಬಿಚ್ಚತೊಡಗಿದೆ. ನಾಲ್ಕು ತಿಂಗಳೂ ತುಂಬಲಿಲ್ಲ, ನೀನು ಹೋದೆ.

ಟ್ಯಾಕ್ಸಿಯವನ ಬ್ಯಾಟರಿಯನ್ನು ಗುಜರಿಗೆ ಹಾಕಲಿಲ್ಲ. ಭಾಂಡುಪ್‌ನ ಗುಡ್ಡದ ಮೇಲೆ, ಇನ್ನೂ ಕರೆಂಟು ಬಾರದ ಒಂದು ಖೋಲಿಯಲ್ಲಿ ಹೆಂಗಸರು ಹೊಲಿಗೆ ಹಾಕುತ್ತಾರೆ. ಕೆಟ್ಟ ಸೆಲ್‌ಗಳನ್ನು ತೆಗೆದು, ಉಳಿದದ್ದನ್ನು ಅಲ್ಲಿನ ಸೋಲಾರಿಗೆ ಜೋಡಿಸಿದೆ. ನಾಲ್ಕು ದೀಪ, ಎರಡು ಫ್ಯಾನು. ಸಂಜೆ ಎಲ್ಲ ಹೊತ್ತಿದ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು, ಏನೂ ದಣಿವಿಲ್ಲದ ಹಾಗೆ. ಅಷ್ಟು ಜನ ಹೆಂಗಸರ ಮುಂದೆ ಅತ್ತುಬಿಟ್ಟೆ ದೊಡ್ಡಪ್ಪಾ. ಒಂದು ಬ್ಯಾಟರಿಗೆ ತೋರಿಸಿದ ಬುದ್ಧಿಯನ್ನು ನಿನ್ನ ವಿಷಯದಲ್ಲಿ ಯಾಕೆ ತೋರಿಸಲಿಲ್ಲ? ಹೆದರಿದ್ದೆ ಅಂದರೆ ನಂಬುತ್ತೀಯಾ?

ನಿನಗೆ ಗೊತ್ತಾಗದೆ ಉಳಿದ ಮಾತೊಂದಿದೆ. ಡಾಕ್ಟರು ಬೇಡ ಅಂದದ್ದು ಭಾರ ಎತ್ತುವುದನ್ನು ಮಾತ್ರ. "ಒಂದು ತಿಂಗಳು ಕಳೆಯಲಿ. ಆಮೇಲೆ ಅಂಗಡಿಗೆ ಬಂದು ಕೂರಲಿ, ಅವರಿಗೂ ಒಳ್ಳೆಯದು" ಎಂದಿದ್ದರು. ಆಗ ನೀನು ಪರದೆಯ ಆಚೆ, ಮನೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದೆ. ಹೊರಗೆ ಬಂದು, "ಏನಂದ್ರೋ?" ಎಂದು ಕೇಳಿದೆ.

ನಾನು ಹೇಳಲಿಲ್ಲ.