ಎರಡು ವಾರ್ನಿಂಗ್ ಆದ ಮೇಲೆ

6 ಮಾರ್ಚ್ 2012, ಮಂಗಳವಾರ

ಹೆಡ್‌ಫೋನ್ ಹಾಕಿ ಹಾಕಿ ಕಿವಿಯ ಹಿಂದೆ ಗಾಯ. ಇಡೀ ದಿನ ಬೇರೆಯವರ ಕಸ್ಟಮರ್ ಕೇರ್ ಕಾಲ್ ಕೇಳುವುದು, ಮಾರ್ಕ್ಸ್ ಹಾಕುವುದು — ಇದಕ್ಕೆ ಕ್ವಾಲಿಟಿ ಅಂತ ಹೆಸರು. ಗಂಡು ಏಜೆಂಟ್ ಎತ್ತಿದರೆ ‘ಏನ್ರೀ, ಕಳ್ರಾ ನೀವು’ ಅಂತಾರೆ. ಹುಡುಗಿ ಎತ್ತಿದರೆ ನೇರ ಅವಳ ನಡತೆಗೇ ಬರುತ್ತಾರೆ. ಮೊಬೈಲ್ ಬ್ಯಾಲೆನ್ಸ್ ಕಟ್ ಆದದ್ದಕ್ಕೂ ಅವಳ ನಡತೆಗೂ ಏನು ಸಂಬಂಧವೋ.

ಸಂಜೆ ಶಾಂಭವಿಯ ಕಾಲ್. ಲಿಂಗಸೂಗೂರಿನ ಹುಡುಗಿ, ಇನ್ನೂ ಪ್ರೊಬೇಷನ್. ಗಿರಾಕಿ ‘ಸೂಳೆ’ ಅಂದ, ಇವಳು ಟಪ್ಪಂತ ಕಟ್ ಮಾಡಿದಳು. ರೂಲ್ ಪ್ರಕಾರ ‘ಸಾರ್, ದಯವಿಟ್ಟು ಅಂಥ ಪದ ಬಳಸಬೇಡಿ’ ಅಂತ ಎರಡು ವಾರ್ನಿಂಗ್ ಕೊಡಬೇಕು. ಮೂರನೇ ಸಲ ಬೈದರೆ ಮಾತ್ರ ಕಟ್. ತಪ್ಪಿದರೆ ಫೇಟಲ್, ಅಂದರೆ ಇಡೀ ಕಾಲ್‌ಗೆ ಸೊನ್ನೆ. ಪ್ರೊಬೇಷನ್‌ನಲ್ಲಿ ಫೇಟಲ್ ಬಿದ್ದರೆ ಕೆಲಸ ಹೋಯಿತು.

ನಾಳೆ ನೋಡೋಣ... ಸುಸ್ತು.

8 ಮಾರ್ಚ್, ಗುರುವಾರ

ಮಹಿಳಾ ದಿನ. ಎಲ್ಲರಿಗೂ ಗುಲಾಬಿ, ಚಾಕೊಲೇಟ್. ಮ್ಯಾನೇಜರ್ ಹನುಮೇಶ ಗುಲಾಬಿ ಕೊಡುತ್ತಲೇ ಕೇಳಿದರು.

‘ಶಾಂಭವಿದು ಫೇಟಲ್ ಅಲ್ವಾ ಮೇಡಂ? ಸೋಮವಾರ ಕ್ಲೋಸ್ ಮಾಡ್ಬಿಡಿ. ಒಂದು ಮಾತಿಗೆಲ್ಲ ಕಟ್ ಮಾಡ್ತಾ ಕೂತ್ರೆ ಫ್ಲೋರಲ್ಲಿ ಯಾರೂ ಉಳಿಯಲ್ಲ.’

ಅವಳನ್ನು ಕ್ಯಾಂಟೀನಿಗೆ ಕರೆದೆ. ‘ಇನ್ನೆರಡು ಸಲ ತಡ್ಕೊಳ್ಳೋಕಾಗ್ಲಿಲ್ವೇನೇ?’

ಗುಲಾಬಿಯ ಎಲೆ ಚಿವುಟುತ್ತಾ ಅಂದಳು, ‘ನಮ್ಮಪ್ಪ ಅವ್ವಗ ಅದ ಮಾತ ಅಂತಿದ್ದ ರೀ ಮೇಡಂ. ಒಮ್ಮೆ ಅಂದ ಅಂದ್ರ ಮುಂದ ಕೈ ಎತ್ತಾಂವ. ಮೊದಲನೇ ಸಲಕ್ಕ ನಾ ಓಡಿ ಹೋಗಿ ನಡುವ ನಿಂದರ್ತಿದ್ದೆ. ಎರಡನೇದಕ್ಕ ಕಾಯ್ಕೋತ ಕುಂತ್ರ ಅವ್ವಗ ಏಟು ಬಿದ್ದಿರ್ತಿತ್ತು.’

ಟೀ ಕುಡಿಯಲಾಗಲಿಲ್ಲ.

11 ಮಾರ್ಚ್, ಭಾನುವಾರ

ಮನೆಯಲ್ಲಿ ಇಂಟರ್ನೆಟ್ ಸತ್ತು ದಿನಗಳಾದವು. ಶ್ರೀಧರ್ ಸ್ಪೀಕರ್ ಹಾಕಿ ಇಂಟರ್ನೆಟ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು. ಜೋರಾಗಿ ಗದರಿದವರೂ ಅಲ್ಲ ನನ್ನ ಗಂಡ. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ.

‘ಇನ್ನೆರಡು ದಿನ ಆಗುತ್ತೆ ಸಾರ್,’ ಅಂದಳು ಆ ಕಡೆಯ ಹುಡುಗಿ.

ಶ್ರೀಧರ್ ಅಂದರು. ಅದೇ ಪದ. ಆ ಕಡೆ ಉಸಿರು ಹಿಡಿದದ್ದು ಕೇಳಿತು. ದಿನಾ ಕೇಳುವ ಸದ್ದು, ನನಗೆ ತಪ್ಪುವುದಿಲ್ಲ. ಆಮೇಲೆ, ‘ಸಾರ್, ದಯವಿಟ್ಟು...’

‘ನೋಡೇ, ನಂಗೇ ವಾರ್ನಿಂಗ್ ಕೊಡ್ತಾಳೆ!’ ನಕ್ಕರು.

ನನ್ನ ಕೈ ತಾನಾಗಿ ಹೋಯಿತು. ಕಟ್ ಮಾಡಿದೆ.

‘ಏನಾಯ್ತೇ? ನಿಂಗೇನಾದ್ರೂ ಅಂದ್ನಾ ನಾನು?’

ಅಂದಿಲ್ಲ. ಮದುವೆಯಾದಾಗಿನಿಂದ ಒಮ್ಮೆಯೂ ಅಂದಿಲ್ಲ. ಆದರೆ ಎಷ್ಟು ಸಲೀಸಾಗಿ ಬಂತು! ಇಷ್ಟು ದಿನ ಅದು ಬಾಯಲ್ಲೇ ಇತ್ತೇನೋ. ಭಯವಾಯಿತು, ನಿಜವಾಗಿ ಭಯವಾಯಿತು. ಸೊಪ್ಪು ಬಿಡಿಸುವುದು ಅಲ್ಲಿಗೇ ನಿಂತಿತು.

12 ಮಾರ್ಚ್, ಸೋಮವಾರ — ಆಫೀಸಿನಲ್ಲೇ

ಶಾಂಭವಿಯ ಕಾಲ್‌ಗೆ ಪಾಸ್ ಹಾಕಿದೆ. ಕಾರಣ ಬರೆಯದಿದ್ದರೆ ಸೇವ್ ಆಗುವುದಿಲ್ಲ. ‘ಒಂದು ಸಲ ಅಂದದ್ದೇ ಸಾಕು’ ಅಂತ ಬರೆದೆ.

ಹನುಮೇಶ ಬಂದು ಓದಿದರು. ‘ಇದೇನ್ ಮೇಡಂ? ನಿಮ್ ಕೆಲ್ಸಕ್ಕೇ ಕುತ್ತು ಬರುತ್ತೆ. ಚೇಂಜ್ ಮಾಡಿ. ಇದು ಮೊದಲನೇ ವಾರ್ನಿಂಗ್ ಅನ್ಕೊಳ್ಳಿ.’

ಬದಲಾಯಿಸಿಲ್ಲ. ಶಾಂಭವಿ ತನ್ನ ಸೀಟಿನಲ್ಲಿ ಕಾಲ್ ತಗೊಳ್ಳುತ್ತಿದ್ದಾಳೆ, ಏನೂ ಗೊತ್ತಿಲ್ಲ ಅವಳಿಗೆ. ನನ್ನನ್ನು ಈಗ ಕ್ಯಾಬಿನ್‌ಗೆ ಕರೆದಿದ್ದಾರೆ. ಎರಡನೆಯದು ಇರಬೇಕು.

ಫೋನ್ ಅಲ್ಲಾಡುತ್ತಿದೆ. ಶ್ರೀಧರ್. ಮೊದಲು ಇದನ್ನೇ ಎತ್ತುತ್ತೇನೆ. ಎತ್ತಿ ಹೇಳಿಬಿಡುತ್ತೇನೆ, ಆ ಪದ ಇನ್ನೊಂದು ಸಲ ನನ್ನ ಮನೆಯಲ್ಲಿ —