ಒಳಕೋಣೆಯ ಬರಣಿ

೧೪ ಸೆಪ್ಟೆಂಬರ್ ೧೯೬೧, ಗುರುವಾರ. ಬೆಳಿಗ್ಗೆ ೬-೩೦

ಗಾಜಿನ ಬರಣಿಯ ನೀರು ೨೫ ಡಿಗ್ರಿ. ಸಿಗಡಿ ಒಂಬತ್ತು. ನಿನ್ನೆ ತಳದಲ್ಲಿ ಒಂದು ಬೆಳ್ಳಗೆ ಬಿದ್ದಿತ್ತು, ಸತ್ತಿತು ಅಂದುಕೊಂಡೆ. ಚಮಚದಲ್ಲಿ ಎತ್ತಿದರೆ ಬರೀ ಪೊರೆ. ಮೀಸೆ ಸಮೇತ ಅಂಗಿ ಕಳಚಿಟ್ಟು ಯಜಮಾನರು ಪಾಚಿಯಲ್ಲಿ ಅಡಗಿದ್ದರು.

ಇವತ್ತಿನ ಸುದ್ದಿ ಬೇರೆ. ಕಪ್ಪು ಹೆಣ್ಣಿನ ಹೊಟ್ಟೆಯಡಿ ಮೊಟ್ಟೆ. ಸಾಸಿವೆಗಿಂತ ಸಣ್ಣವು, ಹಸಿರು. ಕಾಲಾಡಿಸಿ ಗಾಳಿ ಹಾಕುತ್ತಲೇ ಇದೆ. ಎರಡು ವರ್ಷದಲ್ಲಿ ಇದು ಎರಡನೆಯ ಸಲ. ಹೋದ ಸಲ ಬಿಸಿಲಿಗೆಂದು ಬರಣಿಯನ್ನು ಅಂಗಳಕ್ಕೆ ಒಯ್ದೆ. ಕುಲುಕಾಟಕ್ಕೆ ಎಲ್ಲ ಉದುರಿಸಿಬಿಟ್ಟಿತು. ಈ ಸಲ ಕಿಟಕಿ ಬಿಟ್ಟು ಅಲುಗಿಸುವುದಿಲ್ಲ.

ಶಂಕ್ರೆವ್ವನನ್ನು ಕರೆದು ತೋರಿಸಿದೆ, ಮರಿಯಾಗಲು ನಾಲ್ಕು ವಾರ ಬೇಕು ಎಂದೆ. ಸೊಂಟಕ್ಕೆ ಕೈಕೊಟ್ಟು ಬಗ್ಗಿದಳು. ಅವಳಿಗೂ ಈಗ ಆರನೆಯ ತಿಂಗಳು.

“ತಿನ್ನಾಕಲ್ಲ, ಮಾರಾಕಲ್ಲ. ಗಿರಣ್ಯಾಗ ದಿನಾ ಅಳೀತೀರಿ, ಮನೀಗೆ ಬಂದೂ ಅಳೀತೀರಿ. ನನ್ನ ಹೊಟ್ಟೀಗೂ ಒಂದ ಪಟ್ಟಿ ಹಿಡೀರಿ.”

ಕಾಗದದ ಗಿರಣಿಯ ಲ್ಯಾಬೊರೇಟರಿಯಲ್ಲಿ ಹತ್ತು ಜನ ಇದ್ದೇವೆ. ಮನೆಯಲ್ಲಿ ಹೆಂಡತಿಯಿಂದ ಹೀಗೆ ಬೈಸಿಕೊಳ್ಳುವವನು ನಾನೊಬ್ಬನೇ ಇರಬೇಕು.

೧೭, ರವಿವಾರ

ಫಿಲಿಪ್ ಬಂದಿದ್ದ. ಬಿದಿರು ಕಡಿಯುವವನು, ಮೌಳಂಗಿ ಕಡೆಯ ಸಿದ್ದಿ. ಈ ಸಿಗಡಿಗಳನ್ನು ಹಳ್ಳದಿಂದ ಹಿಡಿದುಕೊಟ್ಟವನೇ ಅವನು. ಎಲೆಯಲ್ಲಿ ಸುತ್ತಿ ಹೊಸ ನೀರುಗಿಡ ತಂದಿದ್ದ.

“ಸಾಯೇಬ, ಊರಾಗ ಡಿ.ಡಿ.ಟಿ. ಹೊಡದ್ರು. ನನ್ನ ಹೆಂಡ್ತಿ ಆ ಪೌಡರ್ ಹತ್ತಿದ ಕೊಡಾನ ಹಳ್ಳದಾಗ ತೊಳದ್ಲು. ಮೀನಿಗೇನೂ ಆಗ್ಲಿಲ್ಲ. ಸಿಗಡಿ ಅಷ್ಟೂ ಸತ್ತಾವು.”

ಒಂದೇ ಕೊಡ. ಬರೆದಿಟ್ಟುಕೊಂಡೆ.

೨೦, ಬುಧವಾರ

ಶಂಕ್ರೆವ್ವ ಬೆಳಗಿನ ಬಸ್ಸಿಗೆ ಹಳಿಯಾಳಕ್ಕೆ, ಅಕ್ಕನ ಮನೆಗೆ. ಹೋಗುವಾಗ ಎರಡೆರಡು ಸಲ ಹೇಳಿದಳು—ಪೌಡರಿನವರು ಬಂದರೆ ಒಳಕೋಣೆಗೂ ಹೊಡೆಸಿರಿ, ಚಳಿಜ್ವರ ಪಕ್ಕದ ಸಾಲಿನವರೆಗೆ ಬಂದಿದೆ.

ಹತ್ತು ಗಂಟೆಗೆ ಡಿ.ಡಿ.ಟಿ. ಹೊಡೆಯುವ ದುರ್ಗಪ್ಪ ಪಂಪು ಹೊತ್ತು ಬಂದ. ಹೊರಕೋಣೆ, ಅಡಿಗೆಮನೆ ಮುಗಿಯಿತು. ಒಳಕೋಣೆಗೆ ನಾನು ಮೊದಲೇ ಬೀಗ ಹಾಕಿದ್ದೆ.

“ಕೀಲಿ ಮನಿಯಾಕಿ ಕಡೆ ಐತಿ,” ಎಂದೆ.

“ಮಲಗೂ ಖೋಲಿನ ಮುಖ್ಯ ರೀ. ನಾಳೆ ಬರ್ಲಿ?”

“ಬ್ಯಾಡ. ಆಮ್ಯಾಲೆ ನೋಡೂಣು.”

ಹೊಡೆದ ಕೋಣೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಹೋದ. ಅವನು ಓಣಿ ತಿರುಗಿದ ಮೇಲೆ ಒಳಕೋಣೆಯ ಬಾಗಿಲಿಗೆ ನಾನೇ ಬರೆದೆ. ೨೦-೯-೬೧. ಮೊಟ್ಟೆಗೆ ಇನ್ನು ಮೂರು ವಾರ. ಆಮೇಲೆ ಹೊಡೆಸಿದರಾಯಿತು.

ಸಂಜೆ ಬಂದಳು. ಬಾಗಿಲು ನೋಡಿದಳು. ಏನೂ ಕೇಳಲಿಲ್ಲ.

೨೧, ಗುರುವಾರ

ನೀರು ೨೫. ಒಂಬತ್ತೂ ಇವೆ. ಸೊಳ್ಳೆಪರದೆ ಕಟ್ಟಿಕೋ ಎಂದೆ. ಒಳಗೆ ಉಸಿರು ಕಟ್ಟುತ್ತದಂತೆ. ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಕಾರಣ ಕೇಳುತ್ತಿದ್ದಳು.

೬ ಅಕ್ಟೋಬರ್, ಶುಕ್ರವಾರ

ಮಧ್ಯಾಹ್ನ ಪಾಳಿಯಿಂದ ಬಂದಾಗ ಶಂಕ್ರೆವ್ವ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಹಲ್ಲು ಕಟಕಟ. ೧೦೪.

ಬರಣಿ ನೋಡಲಿಲ್ಲ.

೭, ಶನಿವಾರ

ಆಸ್ಪತ್ರೆಗೆ ಸೇರಿಸಿದೆ. ರಕ್ತ ನೋಡಿದರು. ಮಲೇರಿಯಾ. ಡಾಕ್ಟರ್ ಕೇಳಿದರು—ಮನೆಗೆ ಡಿ.ಡಿ.ಟಿ. ಆಗಿದೆಯೇ? ಆಗಿದೆ ಎಂದೆ.

೯, ಸೋಮವಾರ

ಬೆಳಗಿನ ಜಾವ ಹೆರಿಗೆಯಾಯಿತು. ದಿನ ತುಂಬಿರಲಿಲ್ಲ. ಹೆಣ್ಣು. ಉಳಿಯಲಿಲ್ಲ.

ನಾನು ಕೊಂದೆ. ಇಲ್ಲಿ ಬರೆಯದಿದ್ದರೆ ಇನ್ನೆಲ್ಲೂ ಬರೆಯುವುದಿಲ್ಲ.

೧೨, ಗುರುವಾರ

ಬಟ್ಟೆ ತರಲು ಮನೆಗೆ ಬಂದೆ. ಬರಣಿಯ ಗಾಜಿನ ಮೇಲೆ ಎಂಥದೋ ಧೂಳು ಹತ್ತಿದ ಹಾಗಿತ್ತು. ಒರೆಸಹೋದೆ, ಧೂಳು ಸರಿದಾಡಿತು. ಮರಿಗಳು. ಮೀಸೆ, ಕಾಲು, ಎಲ್ಲ ಇದೆ. ತಾಯಿಯ ಹೊಟ್ಟೆ ಖಾಲಿ.

ಇಪ್ಪತ್ತೆಂಟು ದಿನ. ಲೆಕ್ಕ ಸರಿಹೋಯಿತು. ಸಂತೋಷ ಆಗಲಿಲ್ಲ. ಹೊರಗೆ ಚೆಲ್ಲಬೇಕೆಂದು ಎರಡೂ ಕೈ ಹಚ್ಚಿದೆ, ಎತ್ತಲಾಗಲಿಲ್ಲ.

೧೭, ಮಂಗಳವಾರ. ರಾತ್ರಿ ೮

ಶಂಕ್ರೆವ್ವ ಮನೆಗೆ ಬಂದಳು. ಸೊರಗಿದ್ದಾಳೆ. ಗಂಜಿ ಕುಡಿಸಿ, ಹೇಳಿಬಿಟ್ಟೆ. ಬೀಗ, ಕೀಲಿ, ತಾರೀಕು, ಎಲ್ಲ. ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದಳು.

“ಗೊತ್ತಿತ್ರಿ. ಹಳಿಯಾಳದಿಂದ ಬಂದ ದಿನಾನ ಗ್ವಾಡಿಗೆ ಕೈ ಸವರಿ ನೋಡಿದ್ನಿ. ಬಿಳೀದು ಹತ್ತಲಿಲ್ಲ. ಬಾಗಲದ ಮ್ಯಾಲಿನ ಅಕ್ಷರಾನೂ ನಿಮ್ಮವು.”

“ಮತ್ತ ಯಾಕ ಸುಮ್ಮನಿದ್ದಿ?”

“ಅದೂ ಬಸರಿ ಅಂತ ತೋರಿಸಿದ್ರಲ್ಲ. ಮರಿ ಆಗೂ ತನಕ ತಡೀಲಿ ಅಂದ್ನಿ. ಮೂರ ವಾರದಾಗ ನನಗೇನ ಆಗೂದೈತಿ ಅಂದ್ನಿ.”

ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ನಾಚಿಕೆ ಹುಟ್ಟಿದಾಗಿನಿಂದ ಆಗಿಲ್ಲ.

೧೯, ಗುರುವಾರ. ಬೆಳಿಗ್ಗೆ ೧೦

ನಾನೇ ಹೋಗಿ ದುರ್ಗಪ್ಪನನ್ನು ಕರೆತಂದೆ. ಒಳಕೋಣೆಗೆ ಹೊಡೆಯುತ್ತಿದ್ದಾನೆ. ಇಲ್ಲಿಯವರೆಗೆ ವಾಸನೆ ಬರುತ್ತಿದೆ.

ಬರಣಿಯನ್ನು ಫಿಲಿಪ್‌ಗೆ ಕೊಟ್ಟು ಕಳಿಸುತ್ತೇನೆ ಎಂದಿದ್ದೆ. ಶಂಕ್ರೆವ್ವ ಬೇಡವೆಂದಳು. ಅಂಗಳದ ಕಲ್ಲಿನ ಮೇಲೆ ಕುಳಿತು ತಾನೇ ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ. ಬರಣಿಯ ಬಾಯಿಗೆ ಒದ್ದೆಬಟ್ಟೆ ಕಟ್ಟಿದ್ದಾಳೆ, ಮೇಲೆ ಸೆರಗು ಹೊದಿಸಿದ್ದಾಳೆ. ಅಲುಗಾಡದ ಹಾಗೆ ಎರಡೂ ಕೈಯಿಂದ ಹಿಡಿದಿದ್ದಾಳೆ.

ಈಗ ಒಂದು ಬದಿಯ ಸೆರಗು ಸರಿಸಿ ನನ್ನನ್ನು ಕರೆದಳು.

“ಪುಸ್ತಕ ತಗೊಂಡು ಬರ್ರಿ. ನಾ ಎಣಿಸ್ತೇನಿ, ನೀವು ಬರ್ಕೋರಿ. ಇದನ್ನರ ಖರೇ ಬರೀರಿ.”

ಬರೆಯುತ್ತಿದ್ದೇನೆ. ದೊಡ್ಡವು ಒಂಬತ್ತು. ಮರಿ, ಅವಳು ಹೇಳಿದಂತೆ, ಒಂದು, ಎರಡು, ಮೂರು, ನಾಲ್ಕು… ಅವಳು ನಿಲ್ಲಿಸಿದ್ದಾಳೆ. ಗಾಜಿಗೆ ಹಣೆ ಹಚ್ಚಿ ಮತ್ತೆ ಒಂದರಿಂದ ಎಣಿಸುತ್ತಿದ್ದಾಳೆ.