ಒಲೆ ಬಾಯಿ ನಮ್ಮ ಕಡೆ

ನವೆಂಬರ್ 3, ಸೋಮವಾರ

ಕಾರ್ತಿಕ ಸೋಮವಾರ. ಒಪ್ಪತ್ತು. ಅಂಗಳ ಗುಡಿಸಿ ನೀರು ಹಾಕಿದ್ದಾಯಿತು, ಹಸು ಕರೆದದ್ದಾಯಿತು, ಇವರು ಹಾಲು ತೆಗೆದುಕೊಂಡು ಡೇರಿಗೆ ಹೋದರು. ಸ್ನಾನ ಮಾತ್ರ ಆಗಿಲ್ಲ. ಸ್ನಾನ ಇಲ್ಲದೆ ಲಿಂಗಪೂಜೆ ಇಲ್ಲ, ಪೂಜೆ ಇಲ್ಲದೆ ಬಾಯಿಗೆ ನೀರೂ ಇಲ್ಲ.

ಒಲೆಗೆ ತೆಂಗಿನ ಮಟ್ಟೆ ತುಂಬಿ ಬೆಂಕಿ ಹಚ್ಚಿದರೆ ಚುಸ್ ಅಂತ ಸದ್ದು. ಬಗ್ಗಿ ನೋಡಿದೆ. ಬಾಯ್ಲರ್ ಸೋರುತ್ತಿದೆ. ನಲ್ಲಿಯ ಬುಡದಿಂದ ಇಳಿದು ನೇರ ಕೆಂಡದ ಮೇಲೆ. ಹೊಗೆ ಕುಡಿದು ಕಣ್ಣು ಕೆಂಪಾದದ್ದೇ ಬಂತು, ನೀರು ಉಗುರುಬೆಚ್ಚಗೂ ಆಗಲಿಲ್ಲ. ತಣ್ಣೀರೇ ಸುರಿದುಕೊಂಡೆ. ಶಿವನೇ, ನಿನಗಾದರೆ ತಲೆಯ ಮೇಲೆ ಗಂಗೆ ಇದ್ದರೂ ನಡೆಯುತ್ತದೆ. ನನಗೆ ಐವತ್ತಾಯಿತು, ನಡೆಯುವುದಿಲ್ಲ.

ಬೇರೆಯವರ ಮನೆಯಲ್ಲಾದರೆ ರಿಪೇರಿಯವನನ್ನು ಕರೆಯುತ್ತಾರೆ, ಮುಗಿಯಿತು. ನಮ್ಮದು ಹಾಗಲ್ಲ. ಮಾವನವರು ತಂದ ತಾಮ್ರದ ಬಾಯ್ಲರ್. ಪಾಲಾದಾಗ ಮನೆ ಹಂಚಿಕೊಂಡರು, ತೋಟ ಹಂಚಿಕೊಂಡರು, ಇದೊಂದನ್ನು ಅಣ್ಣನೂ ಬಿಡಲಿಲ್ಲ, ತಮ್ಮನೂ ಬಿಡಲಿಲ್ಲ. ಪಂಚಾಯ್ತಿಗೆ ಕೂತ ಹಿರಿಯರಿಗೇ ಸಾಕಾಗಿ, "ಅದು ಇದ್ದಲ್ಲೇ ಇರ್ಲಿ, ಗೋಡೆನೇ ಅದರ ಸುತ್ತ ಬರ್ಲಿ" ಅಂದರು. ಬಚ್ಚಲುಮನೆಯ ನಡುವೆ ಗೋಡೆ ಎದ್ದಿತು. ಒಲೆ ಬಾಯಿ ನಮ್ಮ ಕಡೆ. ನೀರು ಹುಯ್ಯುವ ಬಾಯಿ ಅವರ ಕಡೆ. ಹಳೇ ನಲ್ಲಿ ಅವರಿಗೆ, ನಮಗೊಂದು ಹೊಸದಾಗಿ ಬೆಸೆಸಿದರು. ನೀರು ಈಶ್ವರಮ್ಮ ತುಂಬಬೇಕು, ಬೆಂಕಿ ನಾನು ಹಾಕಬೇಕು. ಈಶ್ವರಮ್ಮ ಮೈದುನ ಸಿದ್ದೇಶನ ಹೆಂಡತಿ. ಆರು ವರ್ಷದಿಂದ ನನಗೂ ಅವಳಿಗೂ ಮಾತಿಲ್ಲ. ಬೆಳಗ್ಗೆ ನೀರು ತುಂಬಿ ಚೊಂಬಿನಿಂದ ಬಾಯ್ಲರಿಗೆ ಒಂದು ಕುಟ್ಟುತ್ತಾಳೆ. ನಾನು ಬೆಂಕಿ ಹಚ್ಚುತ್ತೇನೆ. ಅಷ್ಟೇ ಬಳಕೆ.

ಸೋರುತ್ತಿರುವುದು ನಮ್ಮ ನಲ್ಲಿ. ಅವಳಿಗೆ ಎಷ್ಟು ಖುಷಿಯೋ.

ನವೆಂಬರ್ 4, ಮಂಗಳವಾರ

ಇವರು ಟಾರ್ಚು ಹಿಡಿದು ಬಗ್ಗಿ ನೋಡಿ, "ಇದೇನ್ ಮಹಾ. ನಾನೇ ಮಾಡ್ತೀನಿ" ಅಂದರು. ಇವರು ಹಾಗಂದ ಮಿಕ್ಸಿ ಇನ್ನೂ ಅಟ್ಟದ ಮೇಲಿದೆ.

ಅಜ್ಜಂಪುರದಿಂದ ಒಂದು ಅಂಟು ತಂದರು. ಎರಡು ಬಣ್ಣದ ಮುದ್ದೆ, ನಾದಿ ಮೆತ್ತುವುದು. ಫೋನಿನಲ್ಲಿ ವಿಡಿಯೋ ಹಾಕಿ, ನಿಲ್ಲಿಸಿ, ಮೆತ್ತಿ, ಮತ್ತೆ ಹಾಕಿ... ನಾನು ಟಾರ್ಚು ಹಿಡಿದು ನಿಂತು ಕೈ ಮರಗಟ್ಟಿತು. ವಿಡಿಯೋದವನು ಪ್ಲಾಸ್ಟಿಕ್ ತೊಟ್ಟಿಗೆ ಮೆತ್ತುತ್ತಿದ್ದ. ಹೇಳಿದೆ.

"ತೂತು ತೂತೇ ಕಣೇ, ಯಾವ್ದಾದ್ರೇನು" ಅಂದರು.

ನವೆಂಬರ್ 5, ಬುಧವಾರ

ಬೆಂಕಿ ಹಾಕುವ ತನಕ ಅಂಟು ಚೆನ್ನಾಗಿತ್ತು. ನೀರು ಕಾದ ಮೇಲೆ ಪೂರ್ತಿ ಕಳಚಿ ಬೂದಿಗೆ ಬಿತ್ತು, ಸೀದ ರೊಟ್ಟಿಯ ಹಾಗೆ. ಇವರು ಅದನ್ನು ಇಕ್ಕಳದಲ್ಲಿ ಎತ್ತಿ ನೋಡಿ, "ಕಂಪನಿ ಸರಿ ಇಲ್ಲ" ಅಂದರು.

ತರೀಕೆರೆಯಲ್ಲಿ ತಾಮ್ರದ ಪಾತ್ರೆ ಬೆಸೆಯುವವರಿದ್ದಾರೆ. ಫೋಟೋ ಕಳಿಸಿ ಫೋನ್ ಮಾಡಿದೆ. "ಹಳೇ ಬೆಸುಗೆ ಬಿಟ್ಟದೆ ಕಣಮ್ಮ. ಆಚೆ ತೆಗ್ದು ತನ್ನಿ, ಮಾಡ್ಕೊಡ್ತೀನಿ. ನೀವು ಮಾತ್ರ ಕೈ ಹಾಕ್ಬೇಡಿ" ಅಂದರು. ಆಚೆ ತೆಗೆಯಬೇಕಾದರೆ ಗೋಡೆ ಒಡೆಯಬೇಕು. ಒಡೆಯಬೇಕಾದರೆ ಅವರು ಒಪ್ಪಬೇಕು.

"ನಾನ್ಯಾಕೆ ಕೇಳ್ಲಿ? ಬೇಕಿದ್ರೆ ಅವ್ನೇ ಬಂದು ಕೇಳ್ಲಿ" — ಇವರು.

"ಹಂಗಾದ್ರೆ ಒಂದು ಗೀಸರ್ ತನ್ನಿ."

"ಹೊಸದು ತಂದ್ರೆ ಇದನ್ನ ಅವನಿಗೆ ಬಿಟ್ಕೊಟ್ಟಂಗೆ ಲೆಕ್ಕ."

ಗಂಡಸರ ಲೆಕ್ಕ. ನೀರು ಕಾಯಿಸುವವಳು ನಾನು.

ಬೇಸಗೆಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮಗಳು ಅನುಷಾಗೆ ದಿನ ತುಂಬಿದೆ. ಆಸ್ಪತ್ರೆ ಹತ್ತಿರ ಅಂತ ಕಡೂರಿನಲ್ಲಿ ಅತ್ತೆಮನೆಯಲ್ಲೇ ಇದ್ದಾಳೆ. ಹೆರಿಗೆ ಆದ ಮೇಲೆ ಬಾಣಂತನ ಇಲ್ಲಿ. ಮೊದಲ ಹೆರಿಗೆ, ತಾಯಿಮನೆಯದು. ತಾಯಿಗೂ ಮಗುವಿಗೂ ದಿನಾ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು. ಯಾವುದರಿಂದ ಎರೆಯಲಿ, ಇವರ ಅಂಟಿನಿಂದಲೇ?

ನವೆಂಬರ್ 7, ಶುಕ್ರವಾರ

ಅತ್ತೆಯನ್ನು ಕಳಿಸಿದೆ. ಅವರು ಒಂದು ತಿಂಗಳು ನಮ್ಮಲ್ಲಿ ಊಟ, ಒಂದು ತಿಂಗಳು ಅಲ್ಲಿ. ಮಾತು ಮಾತ್ರ ವರ್ಷಪೂರ್ತಿ ಎರಡೂ ಕಡೆ. "ಗೋಡೆ ಸ್ವಲ್ಪ ತೆಗಿಸ್ಬೇಕು, ಒಪ್ಗೆನಾ ಅಂತ ಕೇಳ್ಕೊಂಡ್ ಬನ್ನಿ" ಅಂದೆ. ಬೀದಿ ಸುತ್ತಿ ಹೋಗಿ, ಅಲ್ಲಿ ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಮಧ್ಯಾಹ್ನ ಬಂದರು.

"ನಲ್ಲಿ ಅಕ್ಕಂದು, ಸೋರೋದೂ ಅಕ್ಕಂದೇ, ಅಂದ್ಲು."

"ಹಂಗೇ ಅಂದ್ಲಾ?"

"ಬಾಯಲ್ಲಿ ಅನ್ಲಿಲ್ಲ. ಮುಖ ಹಂಗಿತ್ತು."

"ಬಾಯಲ್ಲಿ ಏನಂದ್ಲು ಅತ್ತೆ?"

"ಅವ್ರು ಬರ್ಲಿ, ಕೇಳ್ತೀನಿ ಅಂದ್ಲು. ಸಿದ್ದೇಶಿ ಬಂದು ಏನಂತಾನೆ ಅಂತ ನಂಗೊತ್ತಿಲ್ವ, ನಾನ್ ಹೆತ್ತೋನು. ಅದ್ಕೇ ನಾನೇ ಮುಂದಾಗಿ ಹೇಳ್ದೆ."

ಇಂಥವರ ಕೈಯಲ್ಲಿ ಮಾತು ಕಳಿಸಿ ನಾನು ಆರು ವರ್ಷ ಸಂಸಾರ ಮಾಡಿದ್ದೇನೆ.

ಸಂಜೆ ಕಡೂರಿನಿಂದ ಬೀಗಿತ್ತಿಯ ಫೋನ್. ಅನುಷಾ ಬಾಯಿಬಿಟ್ಟಿದ್ದಾಳೆ. "ನಿಮ್ಮಲ್ಲಿ ಬಿಸಿನೀರಿಗೇ ತೊಂದ್ರೆ ಅಂತಲ್ರೀ. ಇಲ್ಲೇ ಇರ್ಲಿ ಬಿಡಿ. ನಮ್ಮಲ್ಲಿ ಸೋಲಾರ್ ಇದೆ, ತಿರುಗಿಸಿದ್ರೆ ಬರುತ್ತೆ." ಎಷ್ಟು ಮೆತ್ತಗೆ ಅಂದರು. ನನ್ನ ಮಗಳನ್ನೂ ಮೊಮ್ಮಗುವನ್ನೂ ಸೋಲಾರಿಗೆ ಬಿಟ್ಟು ನಾನು ಇಲ್ಲಿ ಏನು, ಹೊಗೆ ಊದುತ್ತಾ ಕೂರಲೇ?

ನವೆಂಬರ್ 9, ಭಾನುವಾರ, ಸಂಜೆ

ಕೈ ಹಾಕಬೇಡಿ ಅಂದಿದ್ದರು. ಹಾಕಿದೆ.

ಪಂಪಿನ ಪೈಪು ಬಿಟ್ಟಾಗ ನಾನೇ ಬಿಗಿದಿದ್ದೇನೆ. ನಲ್ಲಿ ಒಂದು ಸುತ್ತು ಬಿಗಿ ಮಾಡಿದರೆ ಸೋರುವುದು ನಿಂತೀತು ಅನ್ನಿಸಿತು. ಸೋರುವ ನೀರು ಕೆಂಡಕ್ಕೆ ಬೀಳದ ಹಾಗೆ ತಗಡು ಅಡ್ಡ ಇಟ್ಟು ನೀರು ಕಾಯಿಸಿದ್ದೆ, ಆರಿದ ಮೇಲೆ ಮಾಡಬಹುದಿತ್ತು. ಆರಿದರೆ ಸೋರುವ ಜಾಗ ಸರಿಯಾಗಿ ಕಾಣುವುದಿಲ್ಲ ಅಂತ ನನ್ನ ಬುದ್ಧಿ. ಎಡಗೈಯಲ್ಲಿ ನಲ್ಲಿ ಹಿಡಿದು ಬಲಗೈಯಲ್ಲಿ ಸ್ಪ್ಯಾನರ್ ಎಳೆದೆ. ನಲ್ಲಿ ಬುಡಸಮೇತ ಕಿತ್ತು ಕೈಗೆ ಬಂತು. ಕುದಿಯುವ ನೀರು ಅಂಗೈ ಮೇಲೆ. ಬಕೆಟ್ಟು, ಸ್ಪ್ಯಾನರ್, ನಾನು — ಎಲ್ಲ ಒಟ್ಟಿಗೆ ಬಿದ್ದೆವು.

ಗೋಡೆಯ ಆ ಕಡೆಯಿಂದ, "ಅಕ್ಕಾ, ಏನಾಯ್ತು?"

ಆರು ವರ್ಷದ ಮೇಲೆ. ನಾನು ಉತ್ತರ ಕೊಡಲಿಲ್ಲ. ನೋವಿಗೆ ಬಾಯಿ ಬರಲಿಲ್ಲ ಅಂತ ಇವರಿಗೆ ಹೇಳಿದೆ. ನೋವಷ್ಟೇ ಅಲ್ಲ.

ಆಮೇಲೆ ಅತ್ತೆಯ ಕೈಯಲ್ಲಿ ಲೋಳೆಸರ ಕಳಿಸಿದ್ದಾಳೆ, ಸಿಪ್ಪೆ ತೆಗೆದು, ತೊಳೆದು. ಹಚ್ಚಿಕೊಂಡೆ. ತಂಪಾಯಿತು. ಅದೂ ಒಂದು ಸಿಟ್ಟು.

ನವೆಂಬರ್ 13, ಗುರುವಾರ

ಹೆಣ್ಣು ಮಗು. ನಿನ್ನೆ ಬೆಳಗ್ಗೆ. ಕಡೂರಿಗೆ ಹೋಗಿ ನೋಡಿ ಬಂದೆವು. ತಾಯಿ ಮಗು ಕ್ಷೇಮ, ಸಾಮಾನ್ಯ ಹೆರಿಗೆ. ಸ್ವಾಮಿ, ಅಷ್ಟು ಮಾಡಿದೆಯಲ್ಲ. ಕೂದಲು ಎಷ್ಟಿದೆ ಅಂದರೆ ಬಾಚಬಹುದು.

ಎತ್ತಿಕೊಳ್ಳಲು ಹೋದೆ. ಕೈ ಬಟ್ಟೆ ಸುತ್ತಿದ್ದು ನೋಡಿ ಬೀಗಿತ್ತಿ ತಾವೇ ಎತ್ತಿಕೊಂಡರು. "ಕೈ ಬೇರೆ ಹಿಂಗಾಗಿದೆ, ಬಿಸಿನೀರೂ ಇಲ್ಲ. ಯೋಚ್ನೆ ಮಾಡಿ" ಅಂದರು. ಅನುಷಾ ನನ್ನನ್ನೇ ನೋಡುತ್ತಿದ್ದಳು. ನಾವು ಬಸ್ಸು ಹತ್ತುವಾಗ ಫೋನ್ ಮಾಡಿ, "ಅಮ್ಮ, ನಂಗೆ ಮನೆಗೆ ಬರ್ಬೇಕು" ಅಂದಳು. ಅಷ್ಟೇ ಅಂದು ಇಟ್ಟಳು.

ಲಿಂಗ ಹಿಡಿಯುವುದು ಎಡಗೈಯಲ್ಲಿ. ಸುಟ್ಟಿರುವುದೂ ಎಡಗೈ. ಮೂರ್ನಾಲ್ಕು ದಿನದಿಂದ ಬಲಗೈಯಲ್ಲಿ ಹಿಡಿದು, ಎಡಗೈಯ ತುದಿ ಬೆರಳಿನಿಂದ ಪತ್ರೆ ಏರಿಸುತ್ತಿದ್ದೇನೆ. ಸರಿಯೋ ತಪ್ಪೋ. ಶಿವನಿಗೆ ಗೊತ್ತಿಲ್ಲದ್ದೇನಲ್ಲ, ಸ್ಪ್ಯಾನರ್ ಎಳೆದಾಗ ಅವನೂ ನನ್ನ ಕೊರಳಲ್ಲೇ ಇದ್ದ.

ನವೆಂಬರ್ 15, ಶನಿವಾರ

ಇವರು ನೀರು ಕಾಯಿಸುವ ಕಾಯಿಲ್ ತಂದರು. ಬಕೆಟ್ಟಿಗೆ ಇಳಿಸಿ ಸ್ವಿಚ್ ಹಾಕಿದರೆ ಮನೆಯ ಫ್ಯೂಸೇ ಹೋಯಿತು. ಈಗ ಬೆಳಕೂ ಇಲ್ಲ, ಬಿಸಿನೀರೂ ಇಲ್ಲ. "ವೈರಿಂಗ್ ಹಳೇದು, ನಾನೇ ಒಂದ್ಸಲ ನೋಡ್ತೀನಿ" ಅಂದರು. ಮೇನ್ ಸ್ವಿಚ್ಚಿಗೆ ಅಡ್ಡ ನಿಂತುಕೊಂಡೆ.

ಆ ಕಡೆಯೂ ಬಿಸಿನೀರಿಲ್ಲ. ನಾನು ನಲ್ಲಿ ಕಿತ್ತಮೇಲೆ ಅವರಿಗೂ ಇಲ್ಲ. ಈಶ್ವರಮ್ಮ ಗ್ಯಾಸಿನ ಮೇಲೆ ಕಾಯಿಸುತ್ತಿದ್ದಾಳಂತೆ. ಬೈದಳಾ ಅಂತ ಅತ್ತೆಯನ್ನು ಕೇಳಿದೆ. "ಇಲ್ಲ. ಮಗು ಯಾರಂಗಿದೆ ಅಂದ್ಲು" ಅಂದರು. ಅತ್ತೆ ಸೇರಿಸಿ ಹೇಳುವುದು ಗೊತ್ತು. ಇದನ್ನು ಸೇರಿಸಿದ ಹಾಗಿರಲಿಲ್ಲ.

ನವೆಂಬರ್ 17, ಸೋಮವಾರ

ಕಡೇ ಕಾರ್ತಿಕ ಸೋಮವಾರ. ಹೊಟ್ಟೆಯಲ್ಲಿ ಏನೂ ಇಲ್ಲದ್ದಕ್ಕೋ ಏನೋ, ಧೈರ್ಯ ಬಂತು.

ಯೋಚನೆ ಮಾಡಿ ನೋಡಿದೆ. ಬಾಯ್ಲರ್ ಸರಿಯಾದರೂ ಈ ಕೈಯಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯಲು ಆಗುವುದಿಲ್ಲ. ಎರೆಯುವ ಕೈ ಈ ಬೀದಿಯಲ್ಲಿ ಒಬ್ಬಳದೇ, ಈಶ್ವರಮ್ಮನದು. ಅನುಷಾಗೆ ಎರೆದವಳೂ ಅವಳೇ. ಆಗ ಹೊಸ ಸೊಸೆ, ಕೈಯಲ್ಲಿ ಮದರಂಗಿ ಇನ್ನೂ ಇತ್ತು. ನಾನು ಹೆದರುತ್ತಿದ್ದೆ, ಅವಳು ಹೆದರಲಿಲ್ಲ.

ಅತ್ತೆಯನ್ನು ಕೂರಿಸಿ ಎರಡು ಸಲ ಹೇಳಿಸಿದೆ. "ಮಗು ಬರ್ತದೆ. ಅಕ್ಕನ ಕೈಲಾಗಲ್ಲ. ನೀನೇ ಎರೀಬೇಕಂತೆ."

"ಅಂತೆ ಬೇಡ್ವೇನೇ. ಎರೀಬೇಕು ಅಂತ್ಲೇ ಹೇಳ್ತೀನಿ" ಅಂದರು ಅತ್ತೆ.

ಹೋದರು, ಬಂದರು. "ಏನೂ ಅನ್ಲಿಲ್ಲ. ಒಳಕ್ಕೆ ಎದ್ದು ಹೋದ್ಲು."

ಕೇಳಬಾರದಿತ್ತು.

ನವೆಂಬರ್ 18, ಮಂಗಳವಾರ

ಗಂಡಸರಿಬ್ಬರೂ ಮನೆಯಲ್ಲಿರಲಿಲ್ಲ. ಬಚ್ಚಲಲ್ಲಿ ಧಡ್ ಧಡ್ ಸದ್ದು. ನಮ್ಮ ಕಡೆ ಸುಣ್ಣ ಉದುರಿತು, ಆಮೇಲೆ ಇಟ್ಟಿಗೆ, ಆಮೇಲೆ ಗಾರೆಯವನ ಮುಖ. ಅವನ ಹಿಂದೆ ಈಶ್ವರಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಕೂದಲು ಹಣ್ಣಾಗಿದೆ. ದಿನಾ ಒಂದೇ ಬಾಯ್ಲರಿನ ಎರಡು ಪಕ್ಕ ನಿಲ್ಲುವವರು, ನಾನು ನೋಡೇ ಇರಲಿಲ್ಲ.

ಮಧ್ಯಾಹ್ನ ಸಿದ್ದೇಶ ಬಂದ. "ಯಾರನ್ನ ಕೇಳಿ ಒಡಿಸ್ದೆ?" ಅನ್ನುವುದು ತೂತಿನಲ್ಲೇ ಕೇಳಿಸಿತು.

"ಅಕ್ಕ ಹೇಳ್ಕಳಿಸಿದ್ರು."

ಈ ಕಡೆ ಇವರು ನನ್ನ ಮುಖ ನೋಡಿದರು. "ನೀನ್ ಹೇಳ್ಕಳಿಸಿದ್ದಾ?" ನಾನು ರೊಟ್ಟಿ ಬಡಿಯುತ್ತಾ ಇದ್ದೆ, ಒಂದೇ ಕೈಯಲ್ಲಿ. ಬಡಿಯುವುದು ನಿಲ್ಲಿಸಲಿಲ್ಲ.

ಬಾಯ್ಲರ್ ಒಬ್ಬರಿಂದ ಏಳುವುದಲ್ಲ. ಕಡೆಗೆ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಹಿಡಿದರು. "ಓರೆ ಮಾಡೋ." "ನೀನ್ ಮಾಡು, ಬಾಗ್ಲು ನಿನ್ನ ಕಡೆ ಇರೋದು." ಅತ್ತೆ ನಡುವೆ ನಿಂತು ಇಬ್ಬರಿಗೂ ಬೈದರು. ಲಗೇಜ್ ಆಟೋದಲ್ಲಿ ತರೀಕೆರೆಗೆ ಹೋಯಿತು. ರಾತ್ರಿ ಬೆಸೆಯುವವರು ಫೋನ್ ಮಾಡಿ, "ಇದ್ರಲ್ಲಿ ಯಾರೋ ಸ್ಪ್ಯಾನರ್ ಹಾಕವ್ರೆ" ಅಂದರಂತೆ. ಇವರು ಆ ಮಾತು ಮೂರು ಸಲ ಹೇಳಿದರು.

ನವೆಂಬರ್ 23, ಭಾನುವಾರ

ಬಾಯ್ಲರ್ ಬಂತು, ಕೂರಿಸಿದ್ದಾಯಿತು, ತೊಟ್ಟು ನೀರು ಆಚೆ ಬರುವುದಿಲ್ಲ. ಮಧ್ಯಾಹ್ನ ಮಗುವೂ ಬಂತು. ಬೀಗಿತ್ತಿ ಜೊತೆಗೇ ಬಂದು, ನಲ್ಲಿ ತಿರುಗಿಸಿ, ಬೆರಳು ಹಿಡಿದು ನೋಡಿ, ಕೈ ಹಿಂದಕ್ಕೆ ಎಳೆದುಕೊಂಡರು. ಸುಡುತ್ತಿತ್ತು. ಕಾಫಿ ಕೊಟ್ಟೆ.

ನವೆಂಬರ್ 24, ಸೋಮವಾರ

ಇಲ್ಲಿ ಮೊದಲ ಸಲ ಎರೆದದ್ದು ಇವತ್ತು. ಈಶ್ವರಮ್ಮ ಕಾಲು ನೀಡಿ ಕೂತು ಮಗುವನ್ನು ಮಲಗಿಸಿಕೊಂಡಳು. ಗೋಡೆ ಇದ್ದ ಜಾಗಕ್ಕೆ ಸರಿಯಾಗಿ. ನಾನು ಒಲೆಯ ಮುಂದೆ.

"ನಿಮ್ಮಜ್ಜಿಗೆ ಹೇಳು ಕಂದಾ, ಇನ್ನೊಂದು ಮಟ್ಟೆ ಹಾಕ್ಲಿ. ನೀರು ಸಾಲ್ದು."

ನನಗೂ ಮಗುವಿಗೆ ಹೇಳಲು ಬರುತ್ತದೆ. "ನಿಮ್ಮ ಚಿಕ್ಕಜ್ಜಿಗೆ ಹೇಳು ಪುಟ್ಟಿ, ಅರ್ಧ ಹಂಡೆ ನೀರು ನೆಲಕ್ಕೇ ಹೋಯ್ತು ಅಂತ."

"ಎಣ್ಣೆ ಹೋಗ್ಬೇಡ್ವಾ ಕಂದಾ. ನಿಮ್ಮಮ್ಮನ್ನ ಕೇಳು, ನಾನು ಎರ್ದಿದ್ದಕ್ಕೆ ಅವ್ಳೇನ್ ಹಾಳಾದ್ಲಾ ಅಂತ."

ಅನುಷಾ ಒಳಗಿನಿಂದ ನಕ್ಕಳು. ಮಗು ಕಿರುಚುತ್ತಿತ್ತು, ಪಾಪ, ಇಷ್ಟು ಮಾತು ಹೊರಬೇಕಲ್ಲ.

ನವೆಂಬರ್ 25, ಮಂಗಳವಾರ, ಬೆಳಗ್ಗೆ

ಎರೆದದ್ದಾಯಿತು. ನಡುವೆ ಗಾರೆಯವನು ಆ ಕಡೆ ಬಾಗಿಲಿಗೆ ಬಂದ. ನಾಳೆಯಿಂದ ಪಂಚನಹಳ್ಳಿಯಲ್ಲಿ ಕೆಲಸವಂತೆ. ಗೋಡೆಗೆ ಇಟ್ಟಿಗೆ ತರಬೇಕೋ ಬೇಡವೋ ಈಗಲೇ ಹೇಳಬೇಕಂತೆ. ಅಣ್ಣತಮ್ಮ ಇಬ್ಬರೂ ಕಟ್ಟಿಸು ಅಂದಿದ್ದಾರೆ. ಇಷ್ಟು ವರ್ಷದಲ್ಲಿ ಇದೊಂದರಲ್ಲಿ ಇಬ್ಬರದೂ ಒಂದೇ ಮಾತು.

ಈಶ್ವರಮ್ಮ ಮಗುವಿನ ತಲೆ ಒರೆಸುತ್ತಾ, "ನಿಮ್ಮಜ್ಜಿನ ಕೇಳು ಕಂದಾ. ಗೋಡೆ ಹಾಕ್ಸದೋ, ಬಿಡದೋ. ಅವ್ರು ಹೆಂಗಂದ್ರೆ ಹಂಗೆ. ಗಂಡಸ್ರಿಗೆ ನಾನ್ ಹೇಳ್ತೀನಿ" ಅಂದಳು.

ಕೆಂಡ ಕೆದಕುತ್ತಾ ಕೂತೆ. ಅಷ್ಟರಲ್ಲಿ ಮಗು ನಿದ್ದೆ ಹೋಯಿತು, ಎತ್ತಿ ಅನುಷಾಳ ಕೈಯಲ್ಲಿ ಒಳಗೆ ಕಳಿಸಿದಳು. ನಾನು ಇಲ್ಲಿ ಬಂದು ಬರೆಯುತ್ತಿದ್ದೇನೆ. ಗಾರೆಯವನು ಬಾಗಿಲಲ್ಲೇ ಕಾಯುತ್ತಿದ್ದಾನೆ.

ಗೋಡೆ ಇಲ್ಲದಿದ್ದರೆ ಅವಳ ಕಣ್ಣು ದಿನಾ ನನ್ನ ಮಟ್ಟೆ ರಾಶಿಯ ಮೇಲೆ. ಅವಳ ಹಾಡು ದಿನಾ ನನ್ನ ಕಿವಿಗೆ, ಸ್ವರ ಇಲ್ಲ, ತಾಳ ಇಲ್ಲ. ನನ್ನ ಸಾರಿನ ವಾಸನೆ ಅವಳಿಗೆ, ಅವಳ ಸಂಸಾರದ ಗಲಾಟೆ ನನಗೆ. ಎಲ್ಲ ಯೋಚನೆ ಮಾಡಿದೆ. ಕಟ್ಟಿಸಲು ಕಾರಣ ಬೇಕಾದಷ್ಟಿವೆ.

ಇಟ್ಟಿಗೆ ಬೇಡ.

ಹೇಳುವುದು ಹೇಗೆ. ನಾಲ್ಕು ಹೆಜ್ಜೆ ಇಲ್ಲ, ನೆಲ ಒರೆಸುತ್ತಿದ್ದಾಳೆ, ಬಳೆ ಸದ್ದು ಕೇಳುತ್ತಿದೆ. ಮಗು ಮಲಗಿದೆ. ಎಬ್ಬಿಸುವ ಹಾಗಿಲ್ಲ.

ಅತ್ತೆ, ಎಲ್ಲಿದ್ದೀರಿ. ಒಂಚೂರು ಇಲ್ಲಿ ಬನ್ನಿ, ನನ್ನ ಉತ್ತರ ತಗೊಂಡ್ ಹೋಗಿ ಅವಳಿಗೆ ಕೊಡಿ. ಬೇಗ, ಗಾರೆಯವನು ಗಾಡಿ ಸ್ಟಾರ್ಟ್ ಮಾಡ್ತಿದ್ದಾನೆ, ಅವನು ಹೊರಡೋದ್ರೊಳಗೆ